ಮುಂದಿನವರು ಯಾರಂತೆ?



ನಿಮ್ಮ ಕಾಗದ ಓದಿ ನಗು ಬಂತು. ಈ ಚಟ ನನಗೊಬ್ಬನಿಗೇ ಅಂಟಿದ್ದಲ್ಲ ಎಂದು ಒಳಗೊಳಗೆ ಸಮಾಧಾನವೂ ಆಯಿತು. ಫುಟ್‌ಬಾಲ್ ಪಂದ್ಯ ತೊಂಬತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ, ಮ್ಯಾನೇಜರನ ಕುರ್ಚಿ ಖಾಲಿಯಾದರೆ ಮಾತ್ರ 'ಅವರಂತೆ, ಇವರಂತೆ' ಎಂದು ತಿಂಗಳುಗಟ್ಟಲೆ ಮಧ್ಯರಾತ್ರಿಯವರೆಗೆ ಫೋನು ತಿಕ್ಕುತ್ತಾ ಕೂರುತ್ತೇನೆ, ಇದೇನು ಕಾಯಿಲೆಯೇ ಎಂದು ಕೇಳಿದ್ದೀರಿ. 'ಮಗಳಿಗೆ ಗಂಡು ನೋಡುವಾಗಲೂ ಇವರು ಇಷ್ಟು ವಿಚಾರಿಸಿರಲಿಲ್ಲ' ಎಂದು ನಿಮ್ಮ ಮನೆಯವರು ಚುಚ್ಚಿದರಂತೆ. ಅವರ ಮಾತಿನಲ್ಲಿ ತಪ್ಪೇನಿದೆ ಹೇಳಿ? ಹುಡುಗನ ಹಿನ್ನೆಲೆ, ಸ್ವಭಾವ, ಹಿಂದಿನ ಕಡೆ ಯಾಕೆ ಮುರಿದುಬಿತ್ತು, ದಲ್ಲಾಳಿ ಏನಂದ, ಎಲ್ಲವೂ ಇಲ್ಲೂ ಇದೆ. ನಮ್ಮ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ನೀವು ಲಿವರ್‌ಪೂಲ್ ಕ್ಲಬ್ಬಿನ ಕಡೆಯವರಾದ್ದರಿಂದ 2024ರ ಆ ನಾಲ್ಕು ತಿಂಗಳನ್ನೇ ತೆಗೆದುಕೊಳ್ಳೋಣ. ಇಂಥ ಗುಸುಗುಸುವಿನ ಎಲ್ಲ ಚಂದವೂ ಎಲ್ಲ ಹುಚ್ಚೂ ಅದರಲ್ಲಿ ಸಿಗುತ್ತದೆ. ಜನವರಿ 26ರ ಶುಕ್ರವಾರ ಮ್ಯಾನೇಜರ್ ಯರ್ಗನ್ ಕ್ಲಾಪ್ ಕ್ಯಾಮೆರಾ ಮುಂದೆ ಕೂತು, ಈ ಋತು ಮುಗಿದ ಮೇಲೆ ಹೊರಡುತ್ತೇನೆ, ನನ್ನಲ್ಲಿ ಶಕ್ತಿ ಬತ್ತುತ್ತಿದೆ ಎಂದುಬಿಟ್ಟರು. 2015ರ ಅಕ್ಟೋಬರಿನಲ್ಲಿ ಬಂದವರು. 2019ರಲ್ಲಿ ಚಾಂಪಿಯನ್ಸ್ ಲೀಗ್, ಮರುವರ್ಷ ಮೂವತ್ತು ವರ್ಷಗಳ ಬರ ಮುಗಿಸಿದ ಲೀಗ್ ಕಿರೀಟ, ಎರಡನ್ನೂ ತಂದುಕೊಟ್ಟವರು. ತಾನು ಹೊರಡುವ ವಿಷಯವನ್ನು ಕ್ಲಬ್ಬಿಗೆ ಅವರು ನವೆಂಬರಿನಲ್ಲೇ ತಿಳಿಸಿಯಾಗಿತ್ತು. ಆಟಗಾರನ ಮಂಡಿನೋವಿನಿಂದ ಹಿಡಿದು ಮಾಲೀಕರ ವಿಮಾನ ಎಲ್ಲಿ ಇಳಿಯಿತು ಎಂಬವರೆಗೆ ಸಕಲವೂ ಗೊತ್ತಿದೆ ಎಂದು ಬೀಗುವ ನಾವು ಎರಡು ತಿಂಗಳಿಗೂ ಹೆಚ್ಚು ಕಾಲ ಏನೂ ಅರಿಯದೆ ಚಪ್ಪಾಳೆ ತಟ್ಟುತ್ತಿದ್ದೆವು! ನಿಜವಾದ ಸುದ್ದಿ ಇದ್ದಾಗ ಪಿಸುಮಾತೂ ಇರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಶುರುವಾಯಿತು ನೋಡಿ ಗದ್ದಲ.

ಒಂದು ಗಂಟೆಯೊಳಗೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಶಾಬಿ ಅಲೊನ್ಸೊ. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. 2005ರ ಇಸ್ತಾಂಬುಲ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಎದುರು ಅರ್ಧ ಆಟಕ್ಕೆ 0–3 ಹಿಂದಿದ್ದ ನಿಮ್ಮ ತಂಡ 3–3ಕ್ಕೆ ಬಂದು ನಿಂತಿತಲ್ಲ, ಆ ಮೂರನೆಯ ಗೋಲು ಅವರದು. ಪೆನಾಲ್ಟಿಯನ್ನು ಗೋಲಿ ತಡೆದ, ಚೆಂಡು ಮರಳಿ ಕಾಲಿಗೇ ಬಂತು, ಒಳಗೆ ಬಡಿದರು. ಅದೇ ಮನುಷ್ಯ 2022ರ ಅಕ್ಟೋಬರಿನಲ್ಲಿ ಪಟ್ಟಿಯ ತಳದಿಂದ ಎರಡನೆಯ ಸ್ಥಾನದಲ್ಲಿ ನರಳುತ್ತಿದ್ದ ಲೆವರ್ಕೂಸನ್ ತಂಡವನ್ನು ಕೈಗೆತ್ತಿಕೊಂಡು, ಒಂದೂವರೆ ವರ್ಷದಲ್ಲಿ ಜರ್ಮನಿಯ ಲೀಗನ್ನು ಒಂದೂ ಸೋಲಿಲ್ಲದೆ ಗೆಲ್ಲುವ ಹಾದಿಯಲ್ಲಿ ನಿಲ್ಲಿಸಿದ್ದರು. ಹಳೆಯ ಪ್ರೀತಿಯೂ ಉಂಟು, ಹೊಸ ಪ್ರತಾಪವೂ ಉಂಟು. ಇನ್ನೇನು ಬೇಕು?

ಅಭಿಮಾನಿ ಮೊದಲು ಹುಡುಕುವುದು ಕೋಚನ್ನಲ್ಲ, ತನಗೆ ಮೊದಲೇ ಪರಿಚಯವಿರುವ ಮುಖವನ್ನು ಎಂದು ನನಗೆ ಅನಿಸುತ್ತದೆ. ಹೋಗುತ್ತಿರುವವರನ್ನು ಕಳಿಸಿಕೊಡುವ ಸಂಕಟ ಒಂದು ಕಡೆ, ಗೊತ್ತಿಲ್ಲದವರನ್ನು ಪ್ರೀತಿಸಬೇಕಾದ ಶ್ರಮ ಇನ್ನೊಂದು ಕಡೆ. ಮನೆಮಗನೇ ವಾಪಸು ಬಂದರೆ ಎರಡೂ ತಪ್ಪುತ್ತವೆ. ಆ ವಾರಗಳಲ್ಲಿ ಅಲೊನ್ಸೊ ಬಗ್ಗೆ ಬಂದ ಬರಹಗಳನ್ನು ನೆನಪಿಸಿಕೊಳ್ಳಿ. ಅವರ ತಂಡ ಆಡುವ ಪದ್ಧತಿಯ ಮಾತು ಎರಡು ಸಾಲು, ಇಸ್ತಾಂಬುಲ್ ಇಪ್ಪತ್ತು ಸಾಲು.

ಈ ನಡುವೆ ಗಾಳಿಸುದ್ದಿಗೆ ಗಾಳಿ ಹಾಕುವವರು ಯಾರು ಎಂದೂ ನೋಡಬೇಕು. ಬ್ರಿಟನ್ನಿನಲ್ಲಿ ಬಾಜಿ ಅಂಗಡಿಗಳು 1961ರಿಂದ ಕಾನೂನುಬದ್ಧ. 'ಮುಂದಿನ ಮ್ಯಾನೇಜರ್ ಯಾರು' ಎಂಬುದಕ್ಕೂ ಅಲ್ಲಿ ದರ ಹಾಕುತ್ತಾರೆ. ಪಂದ್ಯದ ಬಾಜಿಯಷ್ಟು ಹಣ ಇದರಲ್ಲಿ ಓಡಾಡುವುದಿಲ್ಲ, ಹಾಗಾಗಿ ಸಣ್ಣ ಮೊತ್ತ ಬಿದ್ದರೂ ದರ ಏರುಪೇರಾಗುತ್ತದೆ. ದರ ಬದಲಾದದ್ದೇ ಪತ್ರಿಕೆಗೆ ಸುದ್ದಿ. 'ಈಗ ಇವರೇ ಫೇವರಿಟ್' ಎಂಬ ಆ ಸುದ್ದಿ ಓದಿ ಇನ್ನಷ್ಟು ಜನ ಅದೇ ಹೆಸರಿಗೆ ದುಡ್ಡು ಕಟ್ಟುತ್ತಾರೆ, ದರ ಮತ್ತೆ ಇಳಿಯುತ್ತದೆ. ಕ್ಲಬ್ಬಿನೊಳಗೆ ಯಾರೂ ಬಾಯಿ ಬಿಡದೆಯೇ ಒಬ್ಬ ಅಭ್ಯರ್ಥಿ ಹುಟ್ಟಿಬಿಟ್ಟ! ಇನ್ನು ಏಜೆಂಟರ ಲೆಕ್ಕ ಬೇರೆ. ತನ್ನ ಕೋಚಿನ ಹೆಸರು ದೊಡ್ಡ ಕ್ಲಬ್ಬಿನ ಜೊತೆ ಸೇರಿ ಅಚ್ಚಾದರೆ, ಆ ಕೆಲಸ ಸಿಗದಿದ್ದರೂ ಇರುವ ಕಡೆ ಸಂಬಳದ ಮಾತು ಸಲೀಸು. ವರದಿಗಾರನಿಗೆ ದಿನಕ್ಕೊಂದು ತಲೆಬರಹ ಬೇಕು, ಕ್ಲಬ್ಬಿಗೆ ನಿಜವಾದ ಹೆಸರು ಮರೆಯಾಗಿರಬೇಕು. ಪ್ರತಿಯೊಬ್ಬರಿಗೂ ಏನೋ ಒಂದು ಗಿಟ್ಟುತ್ತದೆ, ನಿದ್ದೆ ಕೆಡುವುದು ನಿಮ್ಮದೂ ನನ್ನದೂ.

ಫೆಬ್ರುವರಿಯಲ್ಲಿ ಬಯರ್ನ್ ಮ್ಯೂನಿಕ್ ಕೂಡ, ತನ್ನ ಕೋಚ್ ತಾಮಸ್ ಟುಕೆಲ್ ಋತುವಿನ ಕೊನೆಗೆ ಹೋಗುತ್ತಾರೆ ಎಂದು ಘೋಷಿಸಿತು. ಅಲೊನ್ಸೊ ಅಲ್ಲೂ ಆಡಿದವರೇ. ಈಗ ಪ್ರಶ್ನೆ ಲಿವರ್‌ಪೂಲೋ ಬಯರ್ನೋ ಎಂಬುದಕ್ಕೆ ತಿರುಗಿತು. ಬರುತ್ತಾರೋ ಇಲ್ಲವೋ ಎಂಬುದನ್ನೇ ಜನ ಮರೆತರು. ಮಾರ್ಚ್ 29ರಂದು ಅವರು ಪತ್ರಿಕಾಗೋಷ್ಠಿಯಲ್ಲಿ, ನಾನು ಇಲ್ಲೇ ಇರುತ್ತೇನೆ, ಎಳೆಯ ಕೋಚಿಗೆ ಇದೇ ತಕ್ಕ ಜಾಗ ಎಂಬರ್ಥದ ಮಾತಾಡಿ ಎರಡೂ ಊರುಗಳ ಬಾಗಿಲು ಹಾಕಿದರು. ಎರಡೇ ವಾರಕ್ಕೆ, ಏಪ್ರಿಲ್ 14ರಂದು, ಲೆವರ್ಕೂಸನ್ ಬ್ರೇಮನ್ ತಂಡವನ್ನು 5–0ಯಿಂದ ಸೋಲಿಸಿ ತನ್ನ ಮೊದಲ ಲೀಗ್ ಕಿರೀಟ ಗೆದ್ದುಕೊಂಡಿತು. ಉಳಿದದ್ದಕ್ಕೆ ಕಾರಣವೂ ಸಿಕ್ಕಿತು ಬಿಡಿ.

ಆಮೇಲೆ ಬಯರ್ನ್ ಪಟ್ಟ ಪಾಡು ಹಾಸ್ಯನಾಟಕಕ್ಕೆ ಕಡಿಮೆಯದಲ್ಲ. ವರ್ಷದ ಹಿಂದೆ ತಾವೇ ತೆಗೆದುಹಾಕಿದ್ದ ಯೂಲಿಯನ್ ನಾಗೆಲ್ಸ್‌ಮನ್ ಕಡೆ ಕಣ್ಣು ಹಾಯಿಸಿದರು. ಅವರು ಜರ್ಮನಿ ರಾಷ್ಟ್ರೀಯ ತಂಡದ ಜೊತೆಗಿನ ಒಪ್ಪಂದವನ್ನೇ ಮುಂದುವರಿಸಿಕೊಂಡರು. ಆಸ್ಟ್ರಿಯಾ ತಂಡದ ರಾಲ್ಫ್ ರಾಂಗ್ನಿಕ್‌ರನ್ನು ಕರೆದರು. ಅವರೂ ಒಲ್ಲೆ ಎಂದರು. ಕಡೆಗೆ, ಹೋಗಬೇಕಾದ ಟುಕೆಲ್‌ರನ್ನೇ ಉಳಿಸಿಕೊಳ್ಳುವ ಮಾತೂ ನಡೆದು ಮುರಿದುಬಿತ್ತು. ಮೇ 29ಕ್ಕೆ ಪ್ರಕಟವಾದ ಹೆಸರು ವಿನ್ಸೆಂಟ್ ಕೊಂಪನಿ. ಅವರ ಬರ್ನ್ಲಿ ತಂಡ ಆಗಷ್ಟೇ ಪ್ರೀಮಿಯರ್ ಲೀಗಿನಿಂದ ಕೆಳದರ್ಜೆಗೆ ಇಳಿದಿತ್ತು! ಫೆಬ್ರುವರಿಯಲ್ಲಿ ಯಾವನಾದರೂ ಈ ಹೆಸರು ಹೇಳಿದ್ದರೆ ನಾವು ಅವನನ್ನು ಸಾಲಿನಿಂದಲೇ ಎಬ್ಬಿಸಿ ಕಳಿಸುತ್ತಿದ್ದೆವು. ಮರುವರ್ಷ ಲೀಗ್ ಗೆದ್ದದ್ದು ಅದೇ ಕೊಂಪನಿಯ ಬಯರ್ನ್.

ಲಿವರ್‌ಪೂಲಿನತ್ತ ಬಂದರೆ, ಅಲೊನ್ಸೊ ಬಾಗಿಲು ಹಾಕಿದ ಮರುದಿನದಿಂದಲೇ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ರೂಬೆನ್ ಅಮೊರಿಮ್ ಜಪ ಶುರು. ಬಹುತೇಕ ಮುಗಿದ ವಿಷಯ ಎಂದವರೇ ಹೆಚ್ಚು. ಅಷ್ಟರಲ್ಲಿ ಆ ಮನುಷ್ಯ ಲಂಡನ್ನಿಗೆ ಹಾರಿ ವೆಸ್ಟ್ ಹ್ಯಾಮ್ ಜೊತೆ ಮಾತುಕತೆಗೆ ಕೂತದ್ದು ಬಯಲಾಯಿತು. ತನ್ನ ತಂಡ ಪೋರ್ಚುಗಲ್ ಲೀಗಿನ ಕೊನೆಯ ಹಂತದಲ್ಲಿ ಮುನ್ನಡೆಯಲ್ಲಿರುವಾಗ ಇದೆಂಥ ಪ್ರಯಾಣ ಎಂದು ಅವರ ಅಭಿಮಾನಿಗಳು ಸಿಡಿದರು, ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಂತೆಕಂತೆಗೆ ಬಲಿಯಾಗುವುದು ನಾವಷ್ಟೇ ಅಲ್ಲ ನೋಡಿ.

ಏಪ್ರಿಲ್ ಮುಗಿಯುವ ಹೊತ್ತಿಗೆ ರೋಟರ್‌ಡ್ಯಾಮಿನ ಫೆಯೆನೂರ್ಡ್ ಕ್ಲಬ್ಬಿನ ಆರ್ನೆ ಸ್ಲಾಟ್ ಹೆಸರು ಮುಂದೆ ಬಂತು. 'ಯಾರು?' ಎಂದವರ ಸಾಲಿನಲ್ಲಿ ನೀವೂ ಇದ್ದಿರಿ, ಆಗ ಬರೆದ ನಿಮ್ಮ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಸ್ಲಾಟ್‌ಗೂ ಇಂಥ ಮಾತುಕತೆಯ ಬಿಸಿ ಗೊತ್ತಿತ್ತು. 2020ರ ಡಿಸೆಂಬರಿನಲ್ಲಿ, ಫೆಯೆನೂರ್ಡ್ ಜೊತೆ ಮಾತಾಡುತ್ತಿದ್ದಾರೆ ಎಂಬ ಕಾರಣಕ್ಕೇ ಆಗಿನ ಕ್ಲಬ್ಬು ಅಲ್ಕ್‌ಮಾರಿನ ಎ.ಝಡ್. ಅವರನ್ನು ಋತುವಿನ ನಡುವೆ ಮನೆಗೆ ಕಳಿಸಿತ್ತು. ಈ ಸಲ ಮಾತ್ರ ಅವರು ಮುಚ್ಚುಮರೆ ಇಲ್ಲದೆ, ಕ್ಲಬ್ಬುಗಳು ಮಾತಾಡಿಕೊಳ್ಳುತ್ತಿವೆ, ನನಗೆ ಅಲ್ಲಿ ಕೆಲಸ ಮಾಡುವ ಆಸೆಯಿದೆ ಎಂದು ಹೇಳಿಬಿಟ್ಟರು. ಮೇ 17ರಂದು, ಹೌದು ಮುಂದಿನ ವರ್ಷ ಅಲ್ಲಿಗೆ ಕೋಚ್ ನಾನೇ ಎಂದೂ ಒಪ್ಪಿಕೊಂಡರು. 19ರಂದು ಆನ್‌ಫೀಲ್ಡ್‌ನಲ್ಲಿ ಕ್ಲಾಪ್‌ರ ಕೊನೆಯ ಪಂದ್ಯ. ವುಲ್ವ್ಸ್ ಎದುರು 2–0. ಮೈಕು ಹಿಡಿದ ಕ್ಲಾಪ್ ಇಡೀ ಮೈದಾನದಿಂದ ಸ್ಲಾಟ್ ಹೆಸರಿನ ಹಾಡು ಹಾಡಿಸಿದರು. ಕ್ಲಬ್ಬಿನ ಅಧಿಕೃತ ಪ್ರಕಟಣೆ ಬಂದದ್ದು 20ಕ್ಕೆ, ಎಲ್ಲರಿಗಿಂತ ಕೊನೆಗೆ.

ಹಾಗಾದರೆ ಕ್ಲಬ್ ನೋಡಿದ್ದೇನು? ಮಾರ್ಚ್ ತಿಂಗಳಲ್ಲಿ ಮೈಕಲ್ ಎಡ್ವರ್ಡ್ಸ್ ಮಾಲೀಕರ ಕಂಪನಿಗೆ ಮರಳಿದ್ದರು, ಕ್ರೀಡಾ ನಿರ್ದೇಶಕರಾಗಿ ರಿಚರ್ಡ್ ಹ್ಯೂಸ್ ನೇಮಕವೂ ಪ್ರಕಟವಾಗಿತ್ತು. ಭಾವುಕತೆಗಿಂತ ಅಂಕಿಅಂಶಕ್ಕೆ ಕಿವಿಗೊಡುವ ಗುಂಪು ಅದು. ಸ್ಲಾಟ್‌ರ ಫೆಯೆನೂರ್ಡ್ ಮುಂದೆ ನುಗ್ಗಿ ಚೆಂಡು ಕಸಿಯುವ ತಂಡ. ಹೆಚ್ಚು ಹಣ ಸುರಿಯದೆ 2022–23ರಲ್ಲಿ ಡಚ್ ಲೀಗ್ ಗೆದ್ದಿತ್ತು. ಕ್ಲಾಪ್ ಕಟ್ಟಿದ ತಂಡವನ್ನು ಕಿತ್ತುಹಾಕದೆ ನಡೆಸಬಲ್ಲವರು ಬೇಕಿತ್ತು ಎಂಬುದು ನನ್ನ ಊಹೆ, ಮುಂದೆ ನಡೆದದ್ದೂ ಅದಕ್ಕೆ ಒಪ್ಪುತ್ತದೆ. ಹೊಸ ಋತುವಿನಲ್ಲಿ ಆಡಲು ಬಂದ ಹೊಸ ಮುಖ ಫೆಡೆರಿಕೊ ಕಿಯೆಸಾ ಒಬ್ಬರೇ, ಅವರೂ ಹೆಚ್ಚು ಆಡಲಿಲ್ಲ. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ವಿರುದ್ಧ 5–1. ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ ಇಪ್ಪತ್ತನೆಯ ಲೀಗ್ ಕಿರೀಟ. ಆ ಸಂಜೆ ಸ್ಲಾಟ್ ಮೈಕು ಹಿಡಿದು ಕ್ಲಾಪ್ ಹೆಸರಿನ ಹಾಡು ಹಾಡಿದರು, ಸಾಲ ತೀರಿಸಿದ ಹಾಗೆ.

ಆದರೆ ನೀವು ಕೇಳಿದ್ದು ಸರಿ ಯಾರದ್ದಾಯಿತು ಎಂದಲ್ಲ, ನಮಗೆ ಯಾಕೆ ನಿದ್ದೆ ಬರುವುದಿಲ್ಲ ಎಂದು. ಅದಕ್ಕೆ ನಿಮ್ಮದೇ ಕ್ಲಬ್ಬಿನ ಹಳೆಯ ಕಥೆ ಹೆಚ್ಚು ಹೇಳುತ್ತದೆ. 1974ರ ಜುಲೈ 12ರಂದು ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ರಾಜೀನಾಮೆ ಕೊಟ್ಟರು. ಗ್ರನಾಡಾ ಟಿ.ವಿ.ಯ ಟೋನಿ ವಿಲ್ಸನ್ ಎಂಬ ತರುಣ ವರದಿಗಾರ ಬೀದಿಯಲ್ಲಿ ಹುಡುಗರನ್ನು ನಿಲ್ಲಿಸಿ ಸುದ್ದಿ ಹೇಳಿದ ದೃಶ್ಯ ಈಗಲೂ ನೋಡಸಿಗುತ್ತದೆ. ಆ ಹುಡುಗರು 'ಮುಂದೆ ಯಾರು' ಎಂದು ಕೇಳುವುದಿಲ್ಲ. ಸುಳ್ಳು ಹೇಳುತ್ತಿದ್ದೀರಿ ಎಂಬಂತೆ ಅವನ ಮುಖವನ್ನೇ ನೋಡುತ್ತಾರೆ. ನಾವು ಫೋನು ತಿಕ್ಕುವವರು ಆ ನೋಟವನ್ನು ತಪ್ಪಿಸಿಕೊಂಡೇ ಮುಂದಿನ ಹೆಸರಿಗೆ ಹಾರುತ್ತೇವೇನೋ. ಹೊಸಬರ ಬಗ್ಗೆ ಮಾತಾಡುತ್ತಿರುವಷ್ಟು ಹೊತ್ತು ಹಳಬರು ಹೋಗುತ್ತಿದ್ದಾರೆ ಎನ್ನುವುದನ್ನು ನೆನೆಯಬೇಕಾಗಿಲ್ಲ.

ಶ್ಯಾಂಕ್ಲಿ ಸ್ಥಾನಕ್ಕೆ ಬಂದದ್ದು ಬಾಬ್ ಪೈಸ್ಲಿ. 1939ರಲ್ಲಿ ಆಟಗಾರನಾಗಿ ಸೇರಿ, ಮುಂದೆ ಆಟಗಾರರ ಗಾಯ ನೋಡಿಕೊಳ್ಳುತ್ತಾ, ತರಬೇತಿ ಕೊಡುತ್ತಾ ಅದೇ ಅಂಗಳದಲ್ಲಿ ಓಡಾಡಿಕೊಂಡಿದ್ದವರು. ಆ ಕೆಲಸ ಅವರಿಗೆ ಬೇಡವೇ ಆಗಿತ್ತು, ಹೋಗಬೇಡಿ ಎಂದು ಶ್ಯಾಂಕ್ಲಿಯನ್ನೇ ಒಪ್ಪಿಸಲು ನೋಡಿದ್ದರಂತೆ. ಒಂಬತ್ತು ಋತುಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ದರು. ಅದಕ್ಕಿಂತ ನನ್ನನ್ನು ಕಾಡುವುದು ಶ್ಯಾಂಕ್ಲಿಯ ಕಡೆ. ಬಿಟ್ಟ ಮೇಲೂ ಅವರು ಮೆಲ್‌ವುಡ್ ತರಬೇತಿ ಮೈದಾನಕ್ಕೆ ಬರುತ್ತಿದ್ದರು, ಆಟಗಾರರು ಅಭ್ಯಾಸಬಲದಿಂದ 'ಬಾಸ್' ಎಂದೇ ಕರೆಯುತ್ತಿದ್ದರು, ಪಕ್ಕದಲ್ಲಿ ಪೈಸ್ಲಿ ನಿಂತಿರುತ್ತಿದ್ದರು. ಆ ಮುಜುಗರವನ್ನು ಯಾವ ಬಾಜಿ ದರವೂ ಅಳೆಯಲಾರದು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನಲ್ಲೂ ಇದೇ ಆಯಿತು: 1969ರಲ್ಲಿ ಮ್ಯಾನೇಜರ್ ಮ್ಯಾಟ್ ಬಸ್ಬಿ ಕೆಳಗಿಳಿದರೂ ಜನರಲ್ ಮ್ಯಾನೇಜರ್ ಆಗಿ ಅಲ್ಲೇ ಉಳಿದರು. ತಂಡ ವಹಿಸಿಕೊಂಡ ವಿಲ್ಫ್ ಮೆಗಿನಸ್‌ಗೆ 31 ವರ್ಷ, ತಂಡದ ಆಟಗಾರ ಬಾಬಿ ಚಾರ್ಲ್ಟನ್‌ರ ಓರಗೆಯವರು. ಹೆಚ್ಚು ದಿನ ನಡೆಯಲಿಲ್ಲ.

ಊಹೆಗೆ ಅವಕಾಶವೇ ಕೊಡದ ಉದಾಹರಣೆಯೂ ಅದೇ ಕ್ಲಬ್ಬಿನದು. 2013ರ ಮೇ 8ರಂದು ಅಲೆಕ್ಸ್ ಫರ್ಗುಸನ್ ನಿವೃತ್ತಿ, 9ಕ್ಕೆ ಡೇವಿಡ್ ಮೊಯೆಸ್ ನೇಮಕ, ಆರು ವರ್ಷದ ಒಪ್ಪಂದ. ಒಂದು ರಾತ್ರಿಯಲ್ಲಿ ಮುಗಿದುಹೋಯಿತು. ಮರು ಏಪ್ರಿಲಿಗೆ ಮೊಯೆಸ್ ಹೊರಗೆ. ಗುಸುಗುಸು ಇಲ್ಲದ್ದಕ್ಕೇ ಹೀಗಾಯಿತು ಎಂದರೆ ನೀವು ನಗುತ್ತೀರಿ. ಅಭಿಮಾನಿಗಳಿಗೆ ದುಃಖಪಡಲು ನಾಲ್ಕು ದಿನ ಬಿಟ್ಟಿದ್ದರೆ ಆ ಬಡಪಾಯಿಗೆ ಇನ್ನೊಂದಿಷ್ಟು ತಾಳ್ಮೆ ಸಿಗುತ್ತಿತ್ತೇನೋ ಎಂದು ಮಾತ್ರ ಅನಿಸುತ್ತದೆ.

ನಮ್ಮ ಬೆಂಗಳೂರು ಎಫ್‌ಸಿಯ ವಿಷಯ ನೀವು ಎತ್ತಲಿಲ್ಲ, ಬೇಸರವಾಯಿತು. 2018ರಲ್ಲಿ ಆಲ್ಬರ್ಟ್ ರೋಕಾ ಬಿಟ್ಟಾಗ ಕ್ಲಬ್ ದೂರ ಹುಡುಕಲಿಲ್ಲ, ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್‌ರನ್ನೇ ಕೂರಿಸಿತು. ಆ ಋತುವಿನಲ್ಲೇ ಮುಂಬೈಯ ಫೈನಲ್‌ನಲ್ಲಿ ಗೋವಾ ತಂಡದ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಐಎಸ್ಎಲ್ ಕಪ್ ಸಿಕ್ಕಿತು. ಕಂಠೀರವ ಕ್ರೀಡಾಂಗಣದ ಗ್ಯಾಲರಿಯ ಗುಸುಗುಸುವಿಗೂ ತನ್ನದೇ ರುಚಿಯಿದೆ, ಒಮ್ಮೆ ಬನ್ನಿ.

ಇನ್ನು ಮುಂದೆ ಕುರ್ಚಿ ಖಾಲಿಯಾದಾಗ ಒಂದು ಕೆಲಸ ಮಾಡೋಣ. ಸುದ್ದಿ ಬಂದ ದಿನವೇ ನೀವು ಮೂರು ಹೆಸರು ಬರೆದು ಕಳಿಸಿ, ನಾನೂ ಮೂರು ಬರೆಯುತ್ತೇನೆ. ಒಂದು ಷರತ್ತು: ಆ ಕ್ಲಬ್ಬಿಗೆ ಹಿಂದೆ ಆಡಿದವರ ಹೆಸರು ಇರಕೂಡದು. ಸೋತವರು ಕಂಠೀರವದ ಟಿಕೆಟ್ ಕೊಡಿಸಬೇಕು, ಮಧ್ಯಂತರದ ಕಾಫಿಯೂ ಸೇರಿ.

ನಿಮ್ಮವ