ಕರಿಯನ ಫೋಟೋ

ದೊಡ್ಡಬಳ್ಳಾಪುರದಿಂದ ಡಾಬಸ್‌ಪೇಟೆ ರಸ್ತೆ ಹಿಡಿದರೆ ದೊಡ್ಡಬೆಳವಂಗಲ. ಅಲ್ಲಿ ನಮ್ಮ ದೊಡ್ಡಮ್ಮನ ಮನೆ. “ನಮ್ಮ ಕರಿಯನಿಗೆ ವಯಸ್ಸಾಯ್ತು ಕಣೇ, ಇರೋವಾಗಲೇ ಒಂದು ಫೋಟೋ ತೆಗೆದುಕೊಡು” ಅಂತ ಹೇಳಿಕಳಿಸಿದ್ದರು.

ಜಗಲಿ ಮೇಲೆ ಕೂರಿಸಿ ಕ್ಯಾಮೆರಾ ಎತ್ತಿದೆ. ಕರಿಯ ಎದ್ದು ಬಂದು ಕ್ಯಾಮೆರಾವನ್ನೇ ಮೂಸಬೇಕೆ! ಬಿಸ್ಕತ್ತು ತೋರಿಸಿದರೆ ಬರೀ ನಾಲಿಗೆ; ಕೋಳಿ ಕಂಡಿತೋ, ಬರೀ ಬಾಲ. ಬಿಸಿಲಿನಲ್ಲಿ ಆ ಕಪ್ಪು ಮುಖ ಮಸಿ ಮುದ್ದೆಯಾಗಿ ಬಂತು. ಕೊನೆಗೆ ಅದನ್ನು ಬಾಗಿಲ ನೆರಳಿಗೆ ಕರೆದು, ಅದರ ಕಣ್ಣಿನ ಮಟ್ಟಕ್ಕೆ ನಾನೇ ನೆಲದ ಮೇಲೆ ಕೂತೆ. ಒಳಗಿನಿಂದ ದೊಡ್ಡಮ್ಮ “ಕರಿಯಾ” ಅಂದರು ನೋಡಿ, ಕಿವಿ ನಿಮಿರಿತು, ಕಣ್ಣು ಹೊಳೆಯಿತು. ಅದೇ ಗಳಿಗೆ ಸಿಕ್ಕಿತು!

ನಾಯಿಗೂ ಚಿತ್ರವೇ ಎಂದು ನಗಬೇಡಿ. ಸುಮಾರು ಕ್ರಿ.ಶ. 950ರಲ್ಲೇ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಆ ಕಾಳಗವನ್ನು ಕೆತ್ತಿಸಿದ್ದಾರೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ.

ನಮ್ಮ ಕರಿಯ ಹಂದಿಯನ್ನೇನೂ ಕೊಂದಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಒಂಟಿ ಮನೆಯ ಹೊಸ್ತಿಲಲ್ಲಿ ಪ್ರತಿ ರಾತ್ರಿಯೂ ಮಲಗಿದೆ, ಅಷ್ಟೇ. ದೊಡ್ಡಮ್ಮ ಆ ಫೋಟೋಗೆ ಕಟ್ಟು ಹಾಕಿಸಿ, ದೊಡ್ಡಪ್ಪನ ಫೋಟೋದ ಕೆಳಗೇ ತೂಗುಹಾಕಿದ್ದಾರೆ.