ನೆಲವೇ ಡೊಂಕಾಗಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಗಂಡಸರೇ ಇರಬೇಕೆಂದು ನನಗೆ ಬಲವಾದ ಗುಮಾನಿ. ಯಾಕೆಂದರೆ ಆ ನೆಲವನ್ನು ಯಾರಾದರೂ ಬಗ್ಗಿ ನೋಡಿದರೇ ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ!

ನಮ್ಮ ಮನೆಯಲ್ಲಿ 1997ರ ಒಂದು ಮಾರುತಿ 800 ಇತ್ತು. ಶಿಡ್ಲಘಟ್ಟ ಆಗ ಕೋಲಾರ ಜಿಲ್ಲೆಗೆ ಸೇರಿದ್ದರಿಂದ ಅದರ ನಂಬರು ಕೆ.ಎ. 07. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೂ ಅದು ಕೋಲಾರದ ಗುರುತನ್ನೇ ಹಣೆಗೆ ಹಚ್ಚಿಕೊಂಡು ಓಡಾಡುತ್ತಿತ್ತು. ಹೆಸರಿಗೆ ಕಾರು, ಕೆಲಸದಲ್ಲಿ ಎತ್ತಿನಗಾಡಿ. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳದ ಹಸಿವು ಸಾಕಿದವರಿಗೇ ಗೊತ್ತು. ಸೊಪ್ಪು ಸಾಲದೆ ಬಂದಾಗ ಹಿಪ್ಪುನೇರಳೆಯ ಹೊರೆ ಆ ಕಾರಿನಲ್ಲೇ ಬರುತ್ತಿತ್ತು. ಬಾಡದಿರಲೆಂದು ಮೇಲೆ ಒದ್ದೆ ಗೋಣಿತಾಟು. ಹಿಂದೆ ಹಿಡಿಸದೆ ಮಿಕ್ಕದ್ದು ಮುಂದೆ, ನಾನು ಕಾಲಿಡುವ ಜಾಗಕ್ಕೆ.

2011ರ ಸುಮಾರಿಗೆ ನನ್ನ ಸೀಟು ಬಾಗಿಲ ಕಡೆಗೆ ವಾಲತೊಡಗಿತು. “ರೀ, ಸೀಟು ಓರೆಯಾಗಿದೆ” ಎಂದೆ. ನಮ್ಮವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸೀಟೇನು ಮಾಡುತ್ತೆ ಪಾಪ, ಅದಕ್ಕೂ ಒಂದು ಮಿತಿ ಇರುತ್ತಲ್ಲ” ಎಂದು ನಕ್ಕರು. ಮೇಲಿಂದ ಆ ಗಾದೆ ಬೇರೆ. ಸೀಟಿನಡಿ ಒಂದು ಮರದ ತುಂಡು ಸಿಕ್ಕಿಸಿ ರಿಪೇರಿ ಆಯಿತೆಂದರು. ನಾನೂ ಒಂದು ವಾರ ರಾತ್ರಿಯೂಟ ಬಿಟ್ಟೆ. ತೂಕ ಇಳಿಯಿತೋ ಇಲ್ಲವೋ, ಸೀಟಂತೂ ನೆಟ್ಟಗಾಗಲಿಲ್ಲ.

ಗೌರಿಬಿದನೂರಿನ ಮಗಳ ಮನೆಗೆ ಹೋಗಿ ಬಂದರೆ ಎರಡು ದಿನ ಸೊಂಟ ಹಿಡಿಯುತ್ತಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಗೇನೂ ಆಗಿಲ್ಲ ಎಂದರು. ಆಮೇಲೆ, “ಎಲ್ಲಾದರೂ ಓರೆಯಾಗಿ ಕೂರುತ್ತೀರಾಮ್ಮ?” ಎಂದು ಕೇಳಿದರು. ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

2012ರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸಬೇಕಾಯಿತು. ತಪಾಸಣೆಗೆ ಮುಂಚೆ ಚಿಂತಾಮಣಿಯ ಒಬ್ಬ ಟಿಂಕರ್ ಕೆಲಸದವರ ಹತ್ತಿರ ಹೋದೆವು. ಆ ಭಾಯ್ ಮೊದಲು ಸೀಟು ಬಿಚ್ಚಿ ಪಕ್ಕಕ್ಕಿಟ್ಟರು. ಅದರ ಚೌಕಟ್ಟಿನ ಒಂದು ಬೆಸುಗೆ ಬಿಟ್ಟಿತ್ತು. ಆಮೇಲೆ ಮ್ಯಾಟು ಎತ್ತಿದರು. ಕೊಳೆತ ಸೊಪ್ಪಿನ ವಾಸನೆ! ಕೆಳಗಿನ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಉದುರಿತು. ಸೀಟಿನ ಬೋಲ್ಟಿನ ಸುತ್ತ ಬಿರುಕು, ಆ ಬಿರುಕಿನಲ್ಲಿ ಗ್ಯಾರೇಜಿನ ನೆಲ ಕಾಣುತ್ತಿತ್ತು.

“ಅಮ್ಮ, ಸೀಟಿನದು ಅರ್ಧ ತಪ್ಪು. ನೆಲಾನೇ ಕೂತುಬಿಟ್ಟಿದೆ” ಎಂದರು. ನನಗೆ ಕುಣಿಯುವಷ್ಟು ಸಂತೋಷ. ಆದರೆ ಅವರ ಮುಂದಿನ ಮಾತಿಗೆ ಅದು ಇಳಿದುಹೋಯಿತು. ಜೀಪಿಗಾದರೆ ಕೆಳಗೆ ಬೇರೆ ಚಾಸಿ ಇರುತ್ತದೆ. ಇಂಥ ಕಾರಿಗೆ ನೆಲ, ಗೋಡೆ, ಚಾವಣಿ ಎಲ್ಲ ಸೇರಿಯೇ ಬೆನ್ನೆಲುಬು. ಜೋರಾಗಿ ಬ್ರೇಕ್ ಹಾಕಿದ್ದರೆ ಸೀಟು ಬೋಲ್ಟಿನ ಸಮೇತ ಕಿತ್ತುಬರುತ್ತಿತ್ತಂತೆ. ಸೀಟೇ ಕಿತ್ತುಬಂದರೆ ಬೆಲ್ಟು ಏನು ಮಾಡೀತು? ಹಿಂದಿನ ವಾರವಷ್ಟೇ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಸೀಟಿನಲ್ಲಿ ಬಂದಿದ್ದೆ. ನಮ್ಮವರ ಮುಖ ಬಿಳಿಚಿಕೊಂಡಿತು.

“ಮೇಲೊಂದು ತಗಡು ಬಡಿದು ಟಾರು ಬಳಿದರೆ ಆಗಲ್ವಾ?” ಎಂದು ಕೇಳಿದರು. ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ ಎಂದರು ಭಾಯ್. ಗಟ್ಟಿ ತಗಡು ಸಿಗುವ ತನಕ ಕತ್ತರಿಸಲೇಬೇಕು. ಹರಿದ ರವಿಕೆಗೆ ತೇಪೆ ಹಾಕುವಾಗ ನಾವು ಜೂಲು ಕತ್ತರಿಸುವುದಿಲ್ಲವೇ, ಹಾಗೆ.

ಮೂರು ದಿನದ ಕೆಲಸ. ಬ್ಯಾಟರಿ ಸಂಪರ್ಕ ಬಿಚ್ಚಿದರು. ಕಾರಿನಡಿ ಹಾದುಹೋಗುವ ಪೆಟ್ರೋಲ್ ಪೈಪನ್ನು ಕಿಡಿ ತಾಗದಂತೆ ಬೇರೆ ಮಾಡಿದರು, ಪಕ್ಕದಲ್ಲಿ ಮರಳಿನ ಬಕೆಟ್ಟು. ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದರು. ಬೋಲ್ಟು ಕೂರುವಲ್ಲಿ ಭಾರ ಹಂಚಿಹೋಗಲೆಂದು ಅಡಿಗೊಂದು ದಪ್ಪ ಪಟ್ಟಿ. ನೀರು ನುಸುಳದಂತೆ ಸಂದುಗಳಿಗೆ ಸೀಲೆಂಟ್, ಮೇಲೆ ರೆಡ್ ಆಕ್ಸೈಡ್, ಹೊರಗಡೆ ಟಾರಿನ ಲೇಪ. ಸೀಟಿನ ಚೌಕಟ್ಟಿಗೂ ಬೆಸುಗೆ ಹಾಕಿ ನೆಟ್ಟಗೆ ಮಾಡಿದರು. ಸೀಟಿನಡಿಯಿಂದ ತೆಗೆದ ಮರದ ತುಂಡನ್ನು ನಮ್ಮವರ ಕೈಗೇ ಕೊಟ್ಟರು.

ಅಂದಿನಿಂದ ಕಾರಿನಲ್ಲಿ ಒದ್ದೆ ಸೊಪ್ಪು ಬಂದ್. ಮಳೆ ಬಂದ ಮಾರನೆಯ ದಿನ ಮ್ಯಾಟು ಎತ್ತಿ ಒಣಗಿಸುವುದು ನಮ್ಮವರ ಕೆಲಸವಾಯಿತು, ನಾನು ಹೇಳಬೇಕಾಗಿರಲಿಲ್ಲ. ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಾಲದ ಗಂಡಂದಿರು ಅಷ್ಟು ಸುಲಭವಾಗಿ ಹೇಳುವವರಲ್ಲ ಬಿಡಿ.

ರಿಪೇರಿಯಾದ ಮೇಲೆ ಮೊದಲ ಸಲ ಗೌರಿಬಿದನೂರಿಗೆ ಹೊರಟಿದ್ದೆವು. ಮಂಚೇನಹಳ್ಳಿ ದಾಟುವಾಗ ರಸ್ತೆಯ ಮೇಲೇ ಕಣ್ಣಿಟ್ಟು, “ಈಗ ನೆಟ್ಟಗಿದೆಯಾ?” ಎಂದು ಮೆಲ್ಲಗೆ ಕೇಳಿದರು.

“ಈಗ ಬೇಕಾದರೆ ಕುಣಿಯಬಹುದು” ಎಂದೆ.