ತೋಟ ಕೆಳಗೆ, ಬೆಟ್ಟ ಮೇಲೆ

ಶಿರಸಿಗೆ ಬಂದವರು ಸಾಮಾನ್ಯವಾಗಿ ಮಾರಿಕಾಂಬೆಗೆ ಕೈಮುಗಿದು ಸೋಂದೆಗೋ ಯಾಣಕ್ಕೋ ಹೊರಟುಬಿಡುತ್ತಾರೆ. ಹೆಗಡೆಕಟ್ಟಾ ಕಡೆ ಬನ್ನಿ ಅಂದರೆ, “ಅಲ್ಲಿ ನೋಡೋಕೆ ಏನಿದೆ?” ಅಂತಾರೆ. ಜಲಪಾತ, ಕೋಟೆ ಹುಡುಕುವವರ ಪ್ರಶ್ನೆ ಸರಿಯೇ. ಆದರೆ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಕಣಿವೆಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿ.

ತೀರಾ ಕೆಳಗೆ, ನೀರು ಹರಿಯುವಲ್ಲಿ ಅಡಿಕೆ ತೋಟ. ಮರಕ್ಕೆ ಹಬ್ಬಿದ ಕಾಳುಮೆಣಸು, ನಡುನಡುವೆ ಬಾಳೆ, ಏಲಕ್ಕಿ. ತೋಟದ ತಲೆಯ ಮೇಲೆ ಹೆಂಚಿನ ಮನೆ, ಅಡಿಕೆ ಒಣಗಿಸುವ ಅಂಗಳ, ಕೊಟ್ಟಿಗೆ. ಅದಕ್ಕೂ ಮೇಲೆ ಮತ್ತಿ, ಹೊನ್ನೆ, ನಂದಿ ಮರಗಳ ಬೆಟ್ಟ. ಹೊರಗಿನವರು ಅದನ್ನು ಕಾಡು ಅಂತಾರೆ. ಊರವರಿಗೆ ಅದು ‘ಸೊಪ್ಪಿನ ಬೆಟ್ಟ’.

ಇಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲೇ. ಅಷ್ಟು ನೀರು ಇಳಿಜಾರಿನ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡುವುದು ಬೆಟ್ಟ. ಹಸಿ ಸೊಪ್ಪು, ಬೇಸಿಗೆಯ ದರಕು ಕೊಟ್ಟಿಗೆಗೆ ಬರುತ್ತವೆ, ದನಗಳ ಕಾಲಡಿಯಲ್ಲಿ ಗೊಬ್ಬರವಾಗುತ್ತವೆ, ತೋಟಕ್ಕೆ ಇಳಿಯುತ್ತವೆ. ಈ ಕಡೆಯ ನನ್ನ ಸೋದರಮಾವ ಇದನ್ನು ಒಂದೇ ಮಾತಲ್ಲಿ ಮುಗಿಸುತ್ತಾರೆ: “ಬೆಟ್ಟ ಇಲ್ದೇ ತೋಟ ಇಲ್ಲೆ, ತಮಾ.”

ಈ ಏರ್ಪಾಡು ಹಳೆಯದು. ಸೋಂದೆ ಅರಸರ ಕಾಲದಲ್ಲೇ ಈ ಸೀಮೆಯ ಮೆಣಸು, ಅಡಿಕೆ ಘಟ್ಟ ಇಳಿದು ಬಂದರು ಸೇರುತ್ತಿದ್ದವು. 1763ರಲ್ಲಿ ಸೋಂದೆ ಹೈದರಾಲಿಯ ವಶವಾಯಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರದಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದೆ, ಶಿರಸಿಯ ದಾರಿಯಾಗಿ ಹೋದ. ಹಾಳುಬಿದ್ದ ಸೋಂದೆಯನ್ನೂ ಇಲ್ಲಿಯ ತೋಟಗಳ ಕ್ರಮವನ್ನೂ ಬರೆದಿಟ್ಟ. ಆತ ಸ್ಕಾಟ್ಲೆಂಡಿನ ಗುಡ್ಡಗಾಡಿನ ಅಂಚಿನಲ್ಲಿ ಹುಟ್ಟಿದವನು. ಅವನ ಕಾಲದಲ್ಲೇ ಆ ಗುಡ್ಡಗಳಲ್ಲಿ ಜಮೀನುದಾರರು ಕುರಿ ಸಾಕಣೆಗಾಗಿ ಒಕ್ಕಲುಗಳನ್ನು ಎಬ್ಬಿಸಿ ಊರೂರೇ ಖಾಲಿ ಮಾಡಿಸುತ್ತಿದ್ದರು.

ನಮ್ಮಲ್ಲಿ ಹಾಗಾಗಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಆದರೂ ತೋಟಿಗರ ಸೊಪ್ಪಿನ ಹಕ್ಕು ಉಳಿಯಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಇಂದಿಗೂ ಹಿರಿಯರ ಬಾಯಲ್ಲಿದೆ. ನೆಲ ಸರ್ಕಾರದ್ದು, ಸೊಪ್ಪು ತೋಟದ್ದು. ಮರ ಕಡಿದು ಮಾರುವಂತಿಲ್ಲ, ಕೊಂಬೆಯ ಸೊಪ್ಪನ್ನಷ್ಟೇ ಸವರಿಕೊಳ್ಳಬೇಕು.

ಕಾಡು ಹೋದರೆ ತೋಟವೂ ಹೋಗುತ್ತದೆ ಎಂಬುದು ಇಲ್ಲಿಯವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. 1983ರ ಸೆಪ್ಟೆಂಬರ್ 8ರಂದು ಇದೇ ತಾಲೂಕಿನ ಸಾಲ್ಕಣಿಯವರು ಕಾಡಿಗೆ ನಡೆದು, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಳೆದ ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಹೆಂಗಸರೂ ಮಕ್ಕಳೂ ಜೊತೆಗಿದ್ದರು.

ಈಗ ಬೆಟ್ಟಕ್ಕೆ ಕೊಡಲಿಯ ಭಯಕ್ಕಿಂತ ಬೇರೆಯದೇ ಚಿಂತೆ. ಹೋದ ಬೇಸಿಗೆಯಲ್ಲಿ ಮಾವನ ಜೊತೆ ಬೆಟ್ಟ ಹತ್ತಿದೆ. ದರಕು ಮೊಣಕಾಲುದ್ದ ಬಿದ್ದಿತ್ತು, ಗುಡಿಸಿದ ಗುರುತೇ ಇರಲಿಲ್ಲ. “ಜನ ಬತ್ವಿಲ್ಲೆ. ನಮ್ಮನೆ ಮಾಣಿ ಬೆಂಗಳೂರಲ್ಲಿ” ಎಂದರು. ಕೊಟ್ಟಿಗೆಯಲ್ಲಿ ಎಂಟು ದನಗಳಿದ್ದ ಕಡೆ ಈಗ ಎರಡೇ. ಗೊಬ್ಬರ ಅರ್ಧಕ್ಕರ್ಧ ಚೀಲದಲ್ಲಿ ಬರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಎರಡರಲ್ಲಿ ವಯಸ್ಸಾದ ಗಂಡ ಹೆಂಡತಿ ಮಾತ್ರ.

ಸ್ಕಾಟ್ಲೆಂಡಿನಲ್ಲಿ ಜನರನ್ನು ಯಾರೋ ಎಬ್ಬಿಸಿದರು. ನಾವು ಓದಿ, ನೌಕರಿ ಹಿಡಿದು, ನಮ್ಮಷ್ಟಕ್ಕೆ ಎದ್ದು ಬಂದೆವು. ನಾನೂ ಅವರಲ್ಲೊಬ್ಬ, ಅದನ್ನು ತಪ್ಪೆಂದು ಹೇಳಲಾರೆ. ಆದರೆ ಬೆಟ್ಟ, ಕೊಟ್ಟಿಗೆ, ತೋಟ ಈ ಮೂರನ್ನು ಜೋಡಿಸಿದ್ದು ಮನುಷ್ಯರ ಕೈ. ಆ ಕೈ ಇಲ್ಲದಿದ್ದರೆ ಬೆಟ್ಟ ಬರೀ ಕಾಡಾಗುತ್ತದೆ, ತೋಟ ಬರೀ ಜಮೀನಾಗುತ್ತದೆ.

ಹೆಗಡೆಕಟ್ಟಾ ಕಡೆಗೆ ಬರುವುದಾದರೆ ಡಿಸೆಂಬರ್ ಹೊತ್ತಿಗೆ ಬನ್ನಿ, ಅಡಿಕೆ ಕೊಯ್ಲಿರುತ್ತದೆ. ಯಾವ ಮನೆಯಲ್ಲಾದರೂ ಆಸರಿಗೆ ಕೇಳಿಯೇ ಕೇಳುತ್ತಾರೆ. ಕುಡಿದಾದ ಮೇಲೆ “ನಿಮ್ಮ ಬೆಟ್ಟ ತೋರಿಸಿ” ಅನ್ನಿ. ತೋಟ ತೋರಿಸಿ ಎನ್ನುವವರು ಬಹಳ ಮಂದಿ. ಬೆಟ್ಟ ಕೇಳಿದರೆ ಯಜಮಾನರು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಖುಷಿಯಿಂದ ಮುಂದೆ ನಡೆಯುತ್ತಾರೆ.